ತೋಟಕ್ಕೇ ವೆಲ್ಡರ್ ಕರೆಸುವ ಮುನ್ನ: ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪು ರಿಪೇರಿಗೆ ಸಮಗ್ರ ಮಾರ್ಗದರ್ಶಿ

ಫೆಬ್ರುವರಿ ಬಂತೆಂದರೆ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ರೋಬಸ್ಟಾ ಕಾಫಿ ಬೆಳೆಗಾರರಿಗೆ ಮೊಗ್ಗು ಅರಳಿಸುವ ಹೂಮಳೆಯದೇ ಚಿಂತೆ. ಮಳೆ ಕೈಕೊಟ್ಟರೆ ಕೆರೆಗೆ ಪಂಪು ಇಟ್ಟು, ಸ್ಪ್ರಿಂಕ್ಲರ್ ಹಾಕಿ ಒಂದರಿಂದ ಒಂದೂವರೆ ಇಂಚು ಮಳೆಗೆ ಸಮನಾದ ನೀರು ಕೊಡಬೇಕು. ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಸುತ್ತು. ಆ ಹೊತ್ತಿಗೆ ಶೆಡ್ಡಿನಿಂದ ಪೈಪು ಹೊರಗೆ ತಂದು ಜೋಡಿಸಿ ಪಂಪು ಚಾಲು ಮಾಡಿದರೆ ನಾಲ್ಕು ಕಡೆ ಸೀಳು, ಆರು ಕಡೆ ಸೂಜಿ ತೂತು, ಎರಡು ಕಡೆ ಪೈಪಿಗೆ ಪೈಪು ಸೇರಿಸುವ ಕಪ್ಲರ್ ಬುಡದಲ್ಲೇ ಬಿರುಕು. ಒಂದೊಂದು ಸೋರಿಕೆಯೂ ಸಾಲಿನ ಒತ್ತಡ ತಿನ್ನುತ್ತದೆ. ಒತ್ತಡ ಇಳಿದರೆ ನೀರು ಚಿಮ್ಮುವ ದೂರ ಕಡಿಮೆಯಾಗುತ್ತದೆ, ಎರಡು ಸ್ಪ್ರಿಂಕ್ಲರ್‌ಗಳ ನಡುವಿನ ಗಿಡಗಳಿಗೆ ಅರೆಬರೆ ನೀರು ಬೀಳುತ್ತದೆ, ಆ ಗಿಡಗಳ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಪೈಪಿನ ತೂತು ಸಣ್ಣದು ಎಂದು ನಾನು ಎಂದೂ ಅಂದುಕೊಳ್ಳದಿರುವುದು ಇದೇ ಕಾರಣಕ್ಕೆ.

ಇಪ್ಪತ್ತು ಅಡಿಯ ಪೈಪುಗಳನ್ನು ಪಿಕಪ್‌ಗೆ ಏರಿಸಿ ಪೇಟೆಗೆ ಸಾಗಿಸುವುದು ದುಬಾರಿ. ದಾರಿಯಲ್ಲಿ ಇನ್ನೆರಡು ಪೈಪು ನೆಗ್ಗುತ್ತವೆ. ಹಾಗಾಗಿ ಮೆಷಿನನ್ನು ಗಾಡಿಯಲ್ಲಿಟ್ಟುಕೊಂಡು ತೋಟಕ್ಕೇ ಬರುವ ವೆಲ್ಡರನ್ನು ಕರೆಸುವುದು ಬುದ್ಧಿವಂತಿಕೆ. ಆದರೆ ಅಲ್ಯೂಮಿನಿಯಂ ಎಂದರೆ ಗೇಟಿನ ಕಬ್ಬಿಣವಲ್ಲ. ಯಾರನ್ನು ಕರೆಯಬೇಕು, ಅವರು ಬರುವ ಮೊದಲು ನಾವು ಏನು ಮಾಡಿಟ್ಟಿರಬೇಕು ಎಂಬುದು ತಿಳಿಯದಿದ್ದರೆ ದುಡ್ಡೂ ಪೈಪೂ ಎರಡೂ ಹಾಳು.

ಕಬ್ಬಿಣದ ವೆಲ್ಡರ್ ಏಕೆ ಸಾಲದು

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಆದರೆ ಅದರ ಮೈಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಪೊರೆಯನ್ನು ತೆಗೆಯದೆ ಬಿಸಿ ಮಾಡಿದರೆ ಒಳಗಿನ ಲೋಹ ನೀರಾಗಿ, ಮೇಲಿನ ಸಿಪ್ಪೆ ಹಾಗೇ ನಿಂತಿರುತ್ತದೆ. ಮರುಕ್ಷಣ ಎಲ್ಲವೂ ಕುಸಿದು ದೊಡ್ಡ ತೂತು. ಕಬ್ಬಿಣ ಕಾದಂತೆ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ ಕರಗಿಬಿಡುತ್ತದೆ. ಶಾಖವನ್ನು ಕಬ್ಬಿಣಕ್ಕಿಂತ ಹಲವು ಪಟ್ಟು ವೇಗವಾಗಿ ಸುತ್ತಲೂ ಹರಡುವುದರಿಂದ ಶುರುವಿನಲ್ಲಿ ಎಷ್ಟು ಕರೆಂಟು ಕೊಟ್ಟರೂ ಸಾಲದು ಅನ್ನಿಸುತ್ತದೆ, ಪೈಪು ಕಾದ ಮೇಲೆ ಅದೇ ಕರೆಂಟು ಹೆಚ್ಚಾಗುತ್ತದೆ. ಕೈ ಪಳಗದವರು ತೂತು ಬೀಳಿಸುವುದು ಸಾಮಾನ್ಯವಾಗಿ ಬೆಸುಗೆಯ ಕೊನೆಯ ಅರ್ಧ ಇಂಚಿನಲ್ಲಿ.

ಈ ಕೆಲಸಕ್ಕೆ ಸರಿಯಾದದ್ದು ಎ.ಸಿ. ಟಿಗ್ ವೆಲ್ಡಿಂಗ್, ಅಂದರೆ ಟಂಗ್‌ಸ್ಟನ್ ಮೊನೆಯ ಟಾರ್ಚಿನಿಂದ ಲೋಹ ಕರಗಿಸಿ, ಇನ್ನೊಂದು ಕೈಯಲ್ಲಿ ತುಂಬುವ ಕಡ್ಡಿ (ರಾಡು) ಕೊಡುತ್ತ ಬೆಸೆಯುವುದು. ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಕರೆಂಟಿನ ಒಂದು ಅರ್ಧ ಸುತ್ತು ಆಕ್ಸೈಡ್ ಪೊರೆಯನ್ನು ಒಡೆದು ಹಾರಿಸುತ್ತದೆ, ಇನ್ನೊಂದು ಅರ್ಧ ಲೋಹವನ್ನು ಕರಗಿಸುತ್ತದೆ. ಗಾಳಿ ತಾಗದಂತೆ ಶುದ್ಧ ಆರ್ಗಾನ್ ಅನಿಲ ಮೇಲೆ ಹರಿಯುತ್ತಿರುತ್ತದೆ. ದಪ್ಪ ಹಾಳೆ, ಟ್ರೇಲರ್ ಬಾಡಿಗಳಿಗೆ ಗನ್ನಿನಲ್ಲೇ ತಂತಿ ಸುರುಳಿ (ಸ್ಪೂಲ್ ಗನ್) ಇದ್ದು ತುಂಬುವ ತಂತಿಯನ್ನು ತಾನಾಗಿ ಕೊಡುವ ಮಿಗ್ ಮೆಷಿನೂ ಚೆನ್ನಾಗಿಯೇ ನಡೆಯುತ್ತದೆ. ಒಂದೂವರೆ ಮಿಲಿಮೀಟರ್ ಗೋಡೆಯ ಹಳೆಯ ಪೈಪಿಗೆ ಮಾತ್ರ ಟಿಗ್‌ನ ಹಿಡಿತವೇ ಬೇಕು ಎಂಬುದು ನನ್ನ ಅನುಭವ.

ಪೇಟೆಗಳಲ್ಲಿ ಹಿರಿಯ ಕೆಲಸಗಾರರು ಗ್ಯಾಸ್ ವೆಲ್ಡಿಂಗ್‌ನಲ್ಲಿ, ಆಕ್ಸೈಡ್ ಪೊರೆ ಬಿಡಿಸುವ ಫ್ಲಕ್ಸ್ ಪುಡಿ ಹಚ್ಚಿ ಅಲ್ಯೂಮಿನಿಯಂ ಬೆಸೆಯುವುದುಂಟು. ಆ ಕೈಚಳಕಕ್ಕೆ ನನಗೆ ಗೌರವವಿದೆ. ಒಂದೇ ಮಾತು: ಉಳಿದ ಫ್ಲಕ್ಸನ್ನು ಬಿಸಿನೀರಿನಲ್ಲಿ ಉಜ್ಜಿ ಪೂರ್ತಿ ತೊಳೆಯದಿದ್ದರೆ ಅದೇ ಪೈಪನ್ನು ತಿನ್ನತೊಡಗುತ್ತದೆ.

ವೆಲ್ಡರನ್ನು ಹುಡುಕುವುದು, ಫೋನಿನಲ್ಲಿ ಕೇಳುವುದು

ನಮ್ಮ ಕಡೆ ಎಲ್ಲರೂ 'ಆರ್ಗಾನ್ ವೆಲ್ಡಿಂಗ್' ಎನ್ನುತ್ತಾರೆ. ಇಲ್ಲೇ ಒಂದು ಗುಂಡಿ ಇದೆ. ಮನೆಗಳಿಗೆ ಸ್ಟೀಲ್ ರೇಲಿಂಗ್ ಮಾಡುವವರ ಬಳಿಯೂ ಆರ್ಗಾನ್ ಸಿಲಿಂಡರ್ ಇರುತ್ತದೆ, ಟಿಗ್ ಟಾರ್ಚ್ ಇರುತ್ತದೆ. ಆದರೆ ಅವರ ಮೆಷಿನ್ ಹೆಚ್ಚಾಗಿ ಡಿ.ಸಿ. ಮಾತ್ರ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನದು. ಅದರಿಂದ ಸ್ಟೀಲು ಸುಂದರವಾಗಿ ಬರುತ್ತದೆ, ಅಲ್ಯೂಮಿನಿಯಂ ಬರುವುದಿಲ್ಲ. ನಮ್ಮ ತೋಟಕ್ಕೆ ಮೊದಲ ಸಲ ಬಂದವರು ಹೀಗೆಯೇ ಬಂದರು. ಮೂರು ಪೈಪುಗಳ ಮೇಲೆ ಕಪ್ಪು ಗಂಟು ಮೂಡಿಸಿ, ನಾಲ್ಕನೆಯದರಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಮಾಡಿ, ಬಂದು ಹೋದ ಖರ್ಚು ತೆಗೆದುಕೊಂಡು ಹೊರಟರು. ತಪ್ಪು ಅವರೊಬ್ಬರದೇ ಎನ್ನಲಾರೆ, ನಾನು ಕೇಳಬೇಕಾದದ್ದನ್ನು ಕೇಳಿರಲಿಲ್ಲ.

ಹುಡುಕುವಾಗ ಗೇಟು, ಗ್ರಿಲ್ ಅಂಗಡಿಗಳಿಗಿಂತ ಕಾರು ರೇಡಿಯೇಟರ್ ಮತ್ತು ಏರ್ ಕಂಡೀಷನರ್ ಕಂಡೆನ್ಸರ್ ರಿಪೇರಿ ಮಾಡುವವರು, ಬಸ್ಸು ಲಾರಿ ಬಾಡಿ ಕಟ್ಟುವವರು, ಎಂಜಿನ್ ಭಾಗ ಬೆಸೆಯುವ ಗ್ಯಾರೇಜುಗಳು, ಹಾಲಿನ ಕ್ಯಾನು ದುರಸ್ತಿ ಮಾಡುವವರು, ಇವರ ಬಳಿ ವಿಚಾರಿಸಿ. ತಾವೇ ಬರಲಾಗದಿದ್ದರೂ ಬರುವವರ ನಂಬರು ಕೊಡುತ್ತಾರೆ. ಹಾಸನ, ಮೈಸೂರಿನಂಥ ಊರುಗಳ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಸುತ್ತು ಹಾಕಿದರೆ ಕೈ ಗೊತ್ತಿರುವವರು ಸಿಗುತ್ತಾರೆ. ಅಕ್ಕಪಕ್ಕದ ತೋಟದ ರೈಟರನ್ನು (ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವವರನ್ನು) ಕೇಳಲು ಮರೆಯಬೇಡಿ. ಯಾರ ಬೆಸುಗೆ ಎರಡು ಬೇಸಿಗೆ ತಾಳಿತು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಫೋನಿನಲ್ಲಿ ಮಾತು ಹೀಗಿರಲಿ:

"ಅಣ್ಣ, ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪು, ಮೂರು ಇಂಚಿನದು. ಗೋಡೆ ತೆಳು, ಒಂದೂವರೆ ಮಿಲಿಮೀಟರ್ ಇರಬಹುದು. ನಿಮ್ಮ ಮೆಷಿನ್‌ನಲ್ಲಿ ಎ.ಸಿ. ಟಿಗ್ ಇದೆಯಾ?"

"ಎ.ಸಿ., ಡಿ.ಸಿ. ಎರಡೂ ಇದೆ. ಇನ್ನೂರು ಆಂಪಿಯರಿನ ಮೆಷಿನ್."

"ಯಾವ ರಾಡು ಹಾಕುತ್ತೀರಿ?"

"4043 ಇಟ್ಟಿದ್ದೇನೆ. 5356 ಬೇಕಿದ್ದರೆ ಅದನ್ನೂ ತರುತ್ತೇನೆ. ಮೊದಲು ಪೈಪಿನ ಫೋಟೋ ಕಳಿಸಿ, ಸರ್."

ಇಷ್ಟು ಉತ್ತರ ಬಂದರೆ ಎದುರಿಗಿರುವವರು ಕೆಲಸ ಬಲ್ಲವರು. 4043 ಎಂದರೆ ಸುಮಾರು ಶೇ. 5 ಸಿಲಿಕಾನ್ ಬೆರೆತ ರಾಡು. ಚೆನ್ನಾಗಿ ಹರಿಯುತ್ತದೆ, ಆರುವಾಗ ಬಿರುಕು ಬಿಡುವುದು ಕಡಿಮೆ, ಎರಕದ ಭಾಗಗಳಿಗೂ ಹೊಂದುತ್ತದೆ. 5356 ರಲ್ಲಿ ಸುಮಾರು ಶೇ. 5 ಮೆಗ್ನೀಸಿಯಂ ಇದ್ದು ಹೆಚ್ಚು ಗಟ್ಟಿ. ಪೈಪಿಗೂ ಎರಕದ ಕಪ್ಲರಿಗೂ 4043 ಸಾಕು. "ಯಾವ ರಾಡಾದರೇನು ಸರ್, ಹಿಡಿಯುತ್ತದೆ" ಎಂದವರಿಗೆ ನಮಸ್ಕಾರ ಹೇಳಿ ಫೋನು ಇಡಿ. ಅನುಮಾನ ಬಂದರೆ ಮೆಷಿನ್ ಮುಂಭಾಗದ ಫೋಟೋ ಕೇಳಿ. ಅದರಲ್ಲಿ ಎ.ಸಿ. ಮತ್ತು ಡಿ.ಸಿ. ಬದಲಿಸುವ ಗುಂಡಿ ಕಾಣಬೇಕು.

ಯಾವಾಗ ಕರೆಯಬೇಕು

ಫೆಬ್ರುವರಿಯಲ್ಲಿ ಕರೆಯಬೇಡಿ. ಆಗ ಎಲ್ಲ ತೋಟದವರೂ ಕರೆಯುತ್ತಿರುತ್ತಾರೆ, ಕಣದ ತುಂಬ ಕಾಫಿ ಹರಡಿರುತ್ತದೆ, ನೆಲದ ಮೇಲೆ ಒಣ ತರಗೆಲೆ ಬಿದ್ದಿರುತ್ತದೆ. ಮಳೆ ಪೂರ್ತಿ ನಿಂತು ರೋಬಸ್ಟಾ ಕೊಯ್ಲಿಗೆ ಇನ್ನೂ ಆಳು ಇಳಿಯದ ದಿನಗಳು, ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ, ಇದಕ್ಕೆ ಹೇಳಿ ಮಾಡಿಸಿದವು. ಎರಡು ಮೂರು ತೋಟದವರು ಸೇರಿ ಕರೆಸಿದರೆ ಬಂದು ಹೋಗುವ ಖರ್ಚು ಹಂಚಿಹೋಗುತ್ತದೆ.

ಪೈಪು ಪರೀಕ್ಷೆ ಮತ್ತು ವಿಂಗಡಣೆ

ವೆಲ್ಡರ್ ಬಂದ ಮೇಲೆ ತೂತು ಹುಡುಕುತ್ತ ಕುಳಿತರೆ ಅವರ ದಿನಗೂಲಿ ನಿಮ್ಮ ಕಣ್ಣೆದುರೇ ಕರಗುತ್ತದೆ. ಒಂದು ವಾರ ಮೊದಲೇ ಕೆರೆ ಬದಿಯಲ್ಲಿ ಪೈಪುಗಳನ್ನು ಜೋಡಿಸಿ, ಕೊನೆಯ ಬಾಯಿ ಮುಚ್ಚುವ ಎಂಡ್ ಪ್ಲಗ್ ಹಾಕಿ ಪಂಪು ಬಿಡಿ. ನೀರು ಚಿಮ್ಮಿದ ಕಡೆಗೆಲ್ಲ ಒಂದಿಂಚು ದೂರ ಬಿಟ್ಟು ಗುರುತು ಹಾಕಿ. ತೂತಿನ ಮೇಲೆಯೇ ಬಣ್ಣ ಬಳಿಯಬೇಡಿ, ಬಣ್ಣವೂ ಬೆಸುಗೆಗೆ ಕಸವೇ. ಜೋಡಣೆಯಲ್ಲಿ ಸೋರುತ್ತಿದ್ದರೆ ಮೊದಲು ರಬ್ಬರ್ ರಿಂಗ್ ಬದಲಿಸಿ ನೋಡಿ. ರಿಂಗಿನ ತಪ್ಪಿಗೆ ಪೈಪಿಗೆ ಬೆಸುಗೆ ಹಾಕಿಸುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಆಮೇಲೆ ಮೂರು ರಾಶಿ ಮಾಡಿ. ಸೂಜಿ ತೂತು, ಉದ್ದ ಸೀಳು, ಕಪ್ಲರ್ ಬುಡದ ಬಿರುಕು ಮೊದಲ ರಾಶಿಗೆ. ಇವು ಬೆಸುಗೆಗೆ ತಕ್ಕವು. ಆನೆ ಕಾಲಿಟ್ಟು ನಡುವೆ ಚಪ್ಪಟೆಯಾದವು ಎರಡನೆಯ ರಾಶಿಗೆ. ದಕ್ಷಿಣ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಟೆಯಾದ ಭಾಗವನ್ನು ಕತ್ತರಿಸಿ ತೆಗೆದು, ಎರಡು ತುಂಡು ಒಳ್ಳೆಯ ಪೈಪುಗಳನ್ನು ಸೇರಿಸಿ ಒಂದು ಮಾಡಿಸಬಹುದು. ಮೈಯೆಲ್ಲ ಬಿಳಿ ಪುಡಿ ಹಿಡಿದು, ಉಗುರಿನಿಂದ ಕೆರೆದರೆ ಗುಳಿ ಬೀಳುವ ಪೈಪುಗಳು ಮೂರನೆಯ ರಾಶಿ, ಅಂದರೆ ಗುಜರಿ. ಹತ್ತಿರ ಹತ್ತಿರ ಐದಾರು ತೂತುಗಳಿದ್ದರೆ ಅದೂ ಗುಜರಿಗೇ. ಒಂದನ್ನು ಮುಚ್ಚುವ ಬಿಸಿಗೆ ಪಕ್ಕದ್ದು ಬಾಯಿ ಬಿಡುತ್ತದೆ. ಅಲ್ಯೂಮಿನಿಯಂ ಗುಜರಿಗೆ ಕಬ್ಬಿಣಕ್ಕಿಂತ ಒಳ್ಳೆಯ ಬೆಲೆ ಇದೆ. ಆ ದುಡ್ಡನ್ನೂ ಲೆಕ್ಕಕ್ಕೆ ಹಿಡಿದು ಹೊಸ ಪೈಪಿನ ಬೆಲೆಯೊಡನೆ ಹೋಲಿಸಿ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ನಾನು ಬಿಟ್ಟುಬಿಡುತ್ತೇನೆ.

ಹಿಂದೆ ತುರ್ತಿಗೆ ಎಪಾಕ್ಸಿ ಮೇಣ ಮೆತ್ತಿದ ಅಥವಾ ಕಡಿಮೆ ಶಾಖಕ್ಕೆ ಕರಗುವ ಸತುವಿನ ಕಡ್ಡಿ ಹಚ್ಚಿದ ಜಾಗಗಳಿದ್ದರೆ ವೆಲ್ಡರಿಗೆ ಮೊದಲೇ ತಿಳಿಸಿ. ಸತುವು ಬೆರೆತ ಜಾಗ ಬೆಸುಗೆ ಹಿಡಿಯುವುದಿಲ್ಲ, ಅಷ್ಟನ್ನೂ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಏಣಿಯನ್ನು ಈ ರಾಶಿಗೆ ಸೇರಿಸಬೇಡಿ

ವೆಲ್ಡರ್ ಹೇಗೂ ಬರುತ್ತಾರೆ, ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಬಿರುಕನ್ನೂ ಮುಚ್ಚಿಸೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ದಯವಿಟ್ಟು ಮಾಡಿಸಬೇಡಿ. ಏಣಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬಂದಿರುವುದು ಕಾರ್ಖಾನೆಯಲ್ಲಿ ಕೊಟ್ಟ ಶಾಖ ಸಂಸ್ಕಾರದಿಂದ. ಬೆಸುಗೆಯ ಬಿಸಿ ಅದನ್ನು ಅಳಿಸಿಹಾಕುತ್ತದೆ. 6061-ಟಿ6 ಎಂಬ ಸಾಮಾನ್ಯ ಮಿಶ್ರಲೋಹವನ್ನೇ ತೆಗೆದುಕೊಳ್ಳಿ. ಅದರ ಎಳೆತ ತಾಳುವ ಶಕ್ತಿ ಸುಮಾರು 310 ಮೆಗಾಪ್ಯಾಸ್ಕಲ್. ಬೆಸೆದ ಮೇಲೆ ಆ ಜಾಗಕ್ಕೆ ಲೆಕ್ಕ ಹಿಡಿಯುವುದು 165 ಮಾತ್ರ. ಬೆಸುಗೆ ಎಷ್ಟೇ ಅಂದವಾಗಿ ಕಂಡರೂ ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ. ಪೈಪು ಒಡೆದರೆ ನೀರು ಹೋಗುತ್ತದೆ. ಏಣಿ ಮುರಿದರೆ ಇಪ್ಪತ್ತಡಿ ಮೇಲಿನಿಂದ ಮನುಷ್ಯ ಬೀಳುತ್ತಾನೆ. ಬಿರುಕು ಬಿಟ್ಟ ಏಣಿಯನ್ನು ತುಂಡು ಮಾಡಿಯೇ ಗುಜರಿಗೆ ಹಾಕಿ, ಇಲ್ಲದಿದ್ದರೆ ಯಾರೋ ಎತ್ತಿಕೊಂಡು ಹೋಗಿ ಮತ್ತೆ ಹತ್ತುತ್ತಾರೆ.

ಚೈನ್‌ಸಾ, ಕಳೆ ಕೊಚ್ಚುವ ಮೆಷಿನ್‌ಗಳ ಒಡೆದ ಬಾಡಿಯ ವಿಷಯದಲ್ಲೂ ಎಚ್ಚರ. ಅಲ್ಯೂಮಿನಿಯಂನಂತೆ ಕಂಡರೂ ಅವು ಎಷ್ಟೋ ಸಲ ಮೆಗ್ನೀಸಿಯಂ ಮಿಶ್ರಲೋಹದವು. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರೆರಚಿ ಆರಿಸಲಾಗದು. ಒಂದು ಮೂಲೆಯನ್ನು ಹೊಳೆಯುವಂತೆ ಕೆರೆದು ಒಂದು ಹನಿ ವಿನೆಗರ್ ಬಿಡಿ. ಕೂಡಲೇ ಗುಳ್ಳೆಯೆದ್ದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಹಳೆಯ ಡೀಸೆಲ್ ಟ್ಯಾಂಕು, ಮುಚ್ಚಿದ ಡಬ್ಬಿಗಳನ್ನು ತೋಟದಲ್ಲಿ ಬೆಸೆಯುವ ಮಾತೇ ಬೇಡ.

ಜಾಗ, ಕರೆಂಟು, ಗ್ಯಾಸು

ಬಯಲಿನಲ್ಲಿ ಬೀಸುವ ತಂಗಾಳಿಯೇ ಆರ್ಗಾನ್ ಅನಿಲವನ್ನು ಚದುರಿಸಲು ಸಾಕು. ಜೀಪ್ ಶೆಡ್ಡು ಒಳ್ಳೆಯದು, ಎರಡು ಬದಿಗೆ ಟಾರ್ಪಾಲು ಕಟ್ಟಿ. ಪೂರ್ತಿ ಮುಚ್ಚಬೇಡಿ, ಹೊಗೆ ಹೋಗಲು ದಾರಿ ಇರಲಿ. ನೆಲದ ತರಗೆಲೆ ಗುಡಿಸಿ ನೀರು ಚಿಮುಕಿಸಿ, ಎರಡು ಬಕೆಟ್ ಮರಳು ಪಕ್ಕದಲ್ಲಿರಲಿ. ಪೈಪು ಉರುಳಿಸುತ್ತ ಬೆಸೆಯಲು ಸೊಂಟದೆತ್ತರಕ್ಕೆ ಮರದ ಕವೆಗಳನ್ನು ನಿಲ್ಲಿಸಿಕೊಟ್ಟರೆ ವೆಲ್ಡರ್ ನಿಮ್ಮನ್ನು ಮನಸಾರೆ ನೆನೆಯುತ್ತಾರೆ.

ತೆಳು ಪೈಪಿಗೆ 60 ಆಂಪಿಯರ್ ಸುತ್ತಮುತ್ತ ಸಾಕು. ಸ್ಥೂಲ ಲೆಕ್ಕಕ್ಕೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 40 ಆಂಪಿಯರ್. ಆದರೂ ತೋಟದ ಲೈನಿನಲ್ಲಿ ವೋಲ್ಟೇಜು ಕುಸಿದರೆ ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಮೆಷಿನ್ ನಿಂತುಬಿಡುತ್ತದೆ. 10 ಕೆವಿಎ ಜನರೇಟರ್ ಇದ್ದರೆ ನಿಶ್ಚಿಂತೆ. ಅದು ನಿಮ್ಮದೋ ಅವರದೋ, ಡೀಸೆಲ್ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ತೆಳು ತಂತಿಯ ಉದ್ದನೆಯ ಎಕ್ಸ್‌ಟೆನ್ಷನ್ ಬೇಡ.

ಗ್ಯಾಸಿನ ಲೆಕ್ಕ ಸರಳ. 7 ಘನ ಮೀಟರಿನ ದೊಡ್ಡ ಸಿಲಿಂಡರಿನಲ್ಲಿ 7,000 ಲೀಟರ್ ಆರ್ಗಾನ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿದರೂ ಹನ್ನೊಂದು ಗಂಟೆಗೂ ಹೆಚ್ಚು ಬರುತ್ತದೆ. 1.5 ಘನ ಮೀಟರಿನ ಸಣ್ಣ ಸಿಲಿಂಡರ್ ಎರಡೂವರೆ ಗಂಟೆಗೆ ಖಾಲಿ. ಇಪ್ಪತ್ತು ಪೈಪಿಗೆ ಸಣ್ಣ ಸಿಲಿಂಡರ್ ಹೊತ್ತು ಬಂದರೆ ಮಧ್ಯಾಹ್ನವೇ ಕೆಲಸ ನಿಲ್ಲಬಹುದು. ಹೊರಡುವ ಮುನ್ನ ಮೀಟರು ನೋಡಿ ಹೊರಡಲು ಹೇಳಿ.

ಶುಚಿ ಮಾಡುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಉಗುಳುತ್ತದೆ. ಆ ಹೈಡ್ರೋಜನ್ ಬರುವುದು ಪೈಪಿನ ಮೇಲಿನ ತೇವ, ಎಣ್ಣೆ, ಗ್ರೀಸುಗಳಿಂದ. ಹೊರಬರಲಾಗದ ಗುಳ್ಳೆಗಳು ಒಳಗೇ ಸಿಕ್ಕಿ, ಬೆಸುಗೆ ಸ್ಪಂಜಿನಂತಾಗುತ್ತದೆ. ಮೇಲಿಂದ ಗಟ್ಟಿ, ಪಂಪು ಬಿಟ್ಟರೆ ಬೆವರಿದಂತೆ ನೀರು ಜಿನುಗು.

ಹಿಂದಿನ ದಿನವೇ ರಬ್ಬರ್ ರಿಂಗ್‌ಗಳನ್ನೆಲ್ಲ ಕಳಚಿ, ಪೈಪಿನ ಒಳಗೂ ಹೊರಗೂ ಕೆಸರು ಪಾಚಿ ತೊಳೆದು ಬಿಸಿಲಿಗೆ ಒಣಗಿಸಿ. ತೂತಿನ ಸುತ್ತ ಎರಡಿಂಚು ಜಾಗವನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಡಬ್ಬಿಯೂ ಬಟ್ಟೆಯೂ ವೆಲ್ಡಿಂಗ್ ಜಾಗದಿಂದ ದೂರವಿರಲಿ. ಬ್ರೇಕ್ ಕ್ಲೀನರ್ ಎಂದು ಮಾರುವ ಕ್ಲೋರಿನ್ ಇರುವ ದ್ರಾವಣಗಳನ್ನು ಎಂದಿಗೂ ಬಳಸಬೇಡಿ, ವೆಲ್ಡಿಂಗ್ ಶಾಖಕ್ಕೆ ಅದರಿಂದ ವಿಷಾನಿಲ ಹುಟ್ಟುತ್ತದೆ. ಎಣ್ಣೆ ಹೋದ ಮೇಲೆಯೇ ತಂತಿ ಬ್ರಷ್. ಮೊದಲೇ ಉಜ್ಜಿದರೆ ಎಣ್ಣೆ ಲೋಹದೊಳಕ್ಕೆ ಇಳಿಯುತ್ತದೆ. ಬ್ರಷ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು, ಹೊಸದಾಗಿರಬೇಕು, ಕಬ್ಬಿಣ ಮುಟ್ಟಿರಬಾರದು. ಉಜ್ಜುವ ಕೆಲಸ ಬೆಸುಗೆಗೆ ಸ್ವಲ್ಪ ಮುಂಚೆ ನಡೆಯಲಿ, ಏಕೆಂದರೆ ಆಕ್ಸೈಡ್ ಮತ್ತೆ ಬೆಳೆಯುತ್ತದೆ. ವೆಲ್ಡರ್ ಬಂದೊಡನೆ ಬ್ರಷ್ ಸಹ ಹಿಡಿಯದೆ ಟಾರ್ಚ್ ಹೊತ್ತಿಸಿದರೆ ಅಲ್ಲಿಯೇ ತಡೆಯಿರಿ.

ಬೆಸೆಯುವಾಗ ಏನು ನೋಡಬೇಕು

ಮೊದಲು ಗುಜರಿ ರಾಶಿಯ ಒಂದು ಪೈಪಿನ ಮೇಲೆ ಮಾಡಿ ತೋರಿಸಲು ಹೇಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ, ಅವರಿಗೂ ಕರೆಂಟು ಹೊಂದಿಸಿಕೊಳ್ಳಲು ಅದು ಬೇಕು. ವೆಲ್ಡಿಂಗ್ ಹೆಲ್ಮೆಟ್ ಹಾಕಿಕೊಂಡು ಹತ್ತಿರದಿಂದ ನೋಡಿ: ಟಾರ್ಚಿನ ತುದಿಯ ಉರಿಬೆಳಕಿನ (ಚಾಪದ) ಕೆಳಗೆ ಮೊದಲು ಮಂಕಾದ ಮೈ, ಆಮೇಲೆ ಅದರ ಮೇಲಿನ ಪೊರೆ ಸರಿದು ಪಾದರಸದ ಹನಿಯಂತೆ ಹೊಳೆಯುವ ಪುಟ್ಟ ಕೆರೆ, ಸುತ್ತ ಇಬ್ಬನಿ ಕೂತಂತೆ ಬಿಳಿ ಅಂಚು. ಆ ಬಿಳಿ ಅಂಚೇ ಪೊರೆ ಹಾರಿಹೋದ ಗುರುತು. ಆ ಕೆರೆಗೆ ರಾಡಿನ ತುದಿಯನ್ನು ಅದ್ದಿ ತೆಗೆದು, ಅದ್ದಿ ತೆಗೆದು ಮುಂದೆ ಸಾಗಿದರೆ ಸಾಲಾಗಿ ನಾಣ್ಯ ಜೋಡಿಸಿದಂಥ ಅಲೆಗಳು. ಕಪ್ಪು ಮಸಿ, ಸಿಡಿತ, ಬೂದು ಬೂದು ಗಂಟು ಕಂಡರೆ ಗ್ಯಾಸಿನಲ್ಲೋ ಶುಚಿಯಲ್ಲೋ ತಪ್ಪಿದೆ.

ಉದ್ದ ಸೀಳಿದ್ದರೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆಸಿ. ಇಲ್ಲದಿದ್ದರೆ ಬೆಸೆದ ಮೇಲೂ ಸೀಳು ಮುಂದೆ ಓಡುತ್ತದೆ. ಕಪ್ಲರ್ ಬುಡಕ್ಕೆ ಒಂದೇ ಸಮನೆ ಸುತ್ತು ಹಾಕಿದರೆ ಬಾಯಿ ಮೊಟ್ಟೆಯಾಕಾರವಾಗಿ, ರಿಂಗ್ ಕೂರುವುದಿಲ್ಲ. ಎದುರು ಬದುರು ನಾಲ್ಕು ಕಡೆ ಟ್ಯಾಕ್ (ಹಿಡಿದಿಡುವ ಚುಕ್ಕಿ ಬೆಸುಗೆ) ಹಾಕಿ, ಆರಲು ಬಿಟ್ಟು, ತುಂಡು ತುಂಡಾಗಿ ತುಂಬಬೇಕು.

ನೋಡಲು ನಿಲ್ಲುವ ಕಾರ್ಮಿಕರನ್ನು, ಮುಖ್ಯವಾಗಿ ಲೈನ್‌ಮನೆಯ ಮಕ್ಕಳನ್ನು, ದೂರ ಕಳುಹಿಸಿ. ಹೊಳೆಯುವ ಅಲ್ಯೂಮಿನಿಯಂನಿಂದ ಪ್ರತಿಫಲಿಸುವ ಬೆಳಕು ಬದಿಯಿಂದಲೂ ಕಣ್ಣಿಗೆ ತಾಗುತ್ತದೆ, ರಾತ್ರಿ ಕಣ್ಣಲ್ಲಿ ಮರಳು ಹಾಕಿದಂತೆ ಉರಿಯುತ್ತದೆ. ಬೆಸೆದ ಪೈಪು ಬಿಸಿಯಿದೆಯೋ ಇಲ್ಲವೋ ನೋಟಕ್ಕೆ ತಿಳಿಯುವುದಿಲ್ಲ. ಮುಗಿದದ್ದನ್ನು ಬೇರೆ ಕಡೆ ಇಟ್ಟು ಸೀಮೆಸುಣ್ಣದಲ್ಲಿ 'ಬಿಸಿ' ಎಂದು ಬರೆಸುತ್ತೇನೆ.

ದರ

ರಾಡಿನ ಲೆಕ್ಕದಲ್ಲಿ ಒಪ್ಪಬೇಡಿ. ಹಾಗೆ ಒಪ್ಪಿದರೆ ಬೇಕಾದ್ದಕ್ಕಿಂತ ದಪ್ಪ ಬೆಸುಗೆ ಬೀಳುತ್ತದೆ. ಪೈಪು ಹತ್ತಕ್ಕಿಂತ ಕಡಿಮೆಯಿದ್ದರೆ ಒಂದೊಂದು ಜಾಗಕ್ಕೆ ಇಷ್ಟು ಎಂದು, ಹೆಚ್ಚಿದ್ದರೆ ದಿನಕ್ಕೆ ಇಷ್ಟು ಎಂದು ಮಾತಾಡಿ. ಪ್ರಯಾಣ, ಗ್ಯಾಸು, ರಾಡು ಸೇರಿವೆಯೇ ಎಂದು ಕೇಳಿ, ಒಪ್ಪಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳುಹಿಸಿ. ಅದೇ ದಿನದ ಪರೀಕ್ಷೆಯಲ್ಲಿ ಸೋರಿದ್ದನ್ನು ಪುಕ್ಕಟೆಯಾಗಿ ಮತ್ತೆ ಬೆಸೆಯಬೇಕು ಎಂಬ ಮಾತು ಅದರಲ್ಲಿರಲಿ. ಅವರಿಗೂ ಸಹಾಯಕರಿಗೂ ಮಧ್ಯಾಹ್ನದ ಊಟ ತೋಟದಲ್ಲೇ ಆಗಲಿ.

ಪರೀಕ್ಷೆ ಮಾಡಿಯೇ ಹಣ

ಪೈಪು ಪೂರ್ತಿ ಆರಿದ ಮೇಲೆ ಮತ್ತೆ ಜೋಡಿಸಿ, ಎಂಡ್ ಪ್ಲಗ್ ಹಾಕಿ, ಪಂಪನ್ನು ನಿಧಾನವಾಗಿ ಏರಿಸಿ ನೀವು ನೀರು ಕೊಡುವಾಗ ಇಡುವ ಒತ್ತಡಕ್ಕೇ ತಂದು ಹತ್ತು ನಿಮಿಷ ಬಿಡಿ. ಬೆಸುಗೆಯನ್ನು ಒಣ ಬಟ್ಟೆಯಿಂದ ಒರೆಸಿ ಬೆರಳಾಡಿಸಿ ನೋಡಿ, ಜಿನುಗು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕಂಪ್ರೆಸರ್ ಗಾಳಿ ತುಂಬಿ ಪರೀಕ್ಷಿಸಬೇಡಿ. ನೀರು ತುಂಬಿದ ಪೈಪು ಒಡೆದರೆ ಮೈ ಒದ್ದೆಯಾಗುತ್ತದೆ, ಗಾಳಿ ತುಂಬಿದ್ದು ಒಡೆದರೆ ಚೂರು ಹಾರುತ್ತದೆ.

ಪರೀಕ್ಷೆ ಮುಗಿಸಿ ನೀರು ಬಸಿಯುವಾಗ ಪೈಪನ್ನು ಆಳುಗಳು ನೆಟ್ಟಗೆ ಎತ್ತಿ ಹಿಡಿಯುವುದು ಅಭ್ಯಾಸ. ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಪೈಪೋ ಏಣಿಯೋ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕಾಫಿ ನಾಡಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇಪ್ಪತ್ತಡಿ ಪೈಪನ್ನು ಎಂದೂ ನೆಟ್ಟಗೆ ನಿಲ್ಲಿಸಕೂಡದು, ಒಂದು ತುದಿಯನ್ನು ಮೊಣಕಾಲೆತ್ತರಕ್ಕೆ ಎತ್ತಿದರೆ ನೀರು ಹೋಗುತ್ತದೆ ಎಂದು ಎಲ್ಲರಿಗೂ, ಹೊಸದಾಗಿ ಬಂದವರಿಗೆ ಅವರ ಭಾಷೆಯಲ್ಲೇ, ಹೇಳಿಸಿ. ಕೆಲಸದ ಜಾಗವನ್ನೂ ಲೈನಿನ ಕೆಳಗೆ ಆರಿಸಬೇಡಿ.

ಬೆಸೆದ ಪ್ರತಿ ಪೈಪಿಗೂ ಕಪ್ಲರ್ ಬಳಿ ಒಂದು ನಂಬರು ಹಾಕಿ, ನೋಟ್‌ಬುಕ್ಕಿನಲ್ಲಿ ತಾರೀಖು, ಯಾವ ಜಾಗ, ಯಾವ ರಾಡು ಎಂದು ಬರೆದಿಡಿ. ನಾವು ಹೀಗೆ ಬರೆದಿಟ್ಟ 22 ಪೈಪುಗಳಲ್ಲಿ ಮರುವರ್ಷ ಸೋರಿದ್ದು ಎರಡು, ಎರಡೂ ಎಪಾಕ್ಸಿ ಮೆತ್ತಿದ್ದ ಹಳೆಯ ಜಾಗಗಳು. ಪೈಪುಗಳನ್ನು ನೆಲಕ್ಕೆ ತಾಗದಂತೆ ಮರದ ಅಡ್ಡಪಟ್ಟಿಗಳ ಮೇಲೆ, ಒಂದು ತುದಿ ತುಸು ತಗ್ಗಿಸಿ ಜೋಡಿಸಿ. ಗೊಬ್ಬರದ ಚೀಲ, ಸುಣ್ಣದ ಚೀಲ ಇರುವ ಕೋಣೆಯಲ್ಲಿ ಬೇಡ. ರಿಂಗ್‌ಗಳನ್ನು ಬೇರೆ ಡಬ್ಬಿಗೆ ಹಾಕಿ, ಇಲಿ ಮುಟ್ಟದ ಕಡೆ ಇಡಿ.